ಬೀರುವಿನ ಕ್ಯಾಮೆರಾಗೆ ಮರುಜೀವ

ಒಂದು ಕಾಲಕ್ಕೆ ನಾಮಕರಣದಿಂದ ಪ್ರವಾಸದವರೆಗೆ ಎಲ್ಲಕ್ಕೂ ಜೊತೆಗಿದ್ದ ಜೇಬಿನಳತೆಯ ಡಿಜಿಟಲ್ ಕ್ಯಾಮೆರಾವನ್ನು ಈಗ ಕಾಲೇಜು ಮಕ್ಕಳು ಬೀರುವಿನಿಂದ ಹುಡುಕಿ ತೆಗೆಯುತ್ತಿದ್ದಾರೆ. ಗುಂಡಿ ಒತ್ತಿದರೆ ಅದು ಏಳುವುದಿಲ್ಲ. ಕೆಟ್ಟಿದೆ ಎಂದು ಗುಜರಿಗೆ ಹಾಕಿಬಿಡುತ್ತಾರೆ. ಅವಸರ ಬೇಡ. ಎಷ್ಟೋ ಸಲ ಕೆಟ್ಟಿರುವುದು ಬ್ಯಾಟರಿ ಮಾತ್ರ.

ವರ್ಷಗಟ್ಟಲೆ ಚಾರ್ಜ್ ಕಾಣದ ಲಿಥಿಯಂ ಬ್ಯಾಟರಿ ಎಷ್ಟು ಬರಿದಾಗಿರುತ್ತದೆಂದರೆ ಚಾರ್ಜರ್ ಅದನ್ನು ಗುರುತಿಸುವುದೇ ಇಲ್ಲ. ಹಳೆಯದರ ಮೇಲಿನ ಸಂಖ್ಯೆ ನೋಡಿ ಹೊಸದನ್ನು ತನ್ನಿ. ಊದಿಕೊಂಡಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಪೆನ್ಸಿಲ್ ಸೆಲ್ ಬಳಸುವ ಕ್ಯಾಮೆರಾಗೆ ಗಡಿಯಾರದ ಅಗ್ಗದ ಸೆಲ್ ಸಾಲದು. ರೀಚಾರ್ಜ್ ಮಾಡುವ ನಿಕಲ್ ಸೆಲ್ಲಿನ ಮೇಲೆ 1.2 ವೋಲ್ಟ್ ಎಂದೇ ಬರೆದಿದ್ದರೂ ಬಾಳಿಕೆ ಬರುವುದು ಅದೇ. ಆನ್ ಮಾಡಿದಾಗಲೆಲ್ಲ ದಿನಾಂಕ ಕೇಳುತ್ತಿದೆಯೇ? ತುಂಬಿದ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಡಿ, ಬಹಳಷ್ಟು ಮಾದರಿಗಳಲ್ಲಿ ಗಡಿಯಾರದ ಪುಟ್ಟ ಸೆಲ್ ತಾನೇ ಚಾರ್ಜ್ ಆಗುತ್ತದೆ.

ಕಾರ್ಡಿನ ವಿಷಯದಲ್ಲಿ ಗೊಂದಲ ಹೆಚ್ಚು. 2006ಕ್ಕಿಂತ ಮೊದಲಿನ ಕ್ಯಾಮೆರಾಗೆ ಇಂದಿನ 32 ಜಿಬಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’ ಬರುವುದು ಸಹಜ. ಎಸ್‌ಡಿಎಚ್‌ಸಿ ಎಂಬ ಈ ಬಗೆಯ ಕಾರ್ಡುಗಳು ಬಂದದ್ದೇ ಆ ವರ್ಷ. ಅಂಥ ಕ್ಯಾಮೆರಾಗೆ 2 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡ್ ಬೇಕು. ‘ಲಾಕ್’ ಎಂದು ತೋರಿಸಿದರೆ ಕಾರ್ಡಿನ ಅಂಚಿನ ಪುಟ್ಟ ಗುಂಡಿಯನ್ನು ಮೇಲಕ್ಕೆ ಸರಿಸಿ. ಫೋಟೊ ಅಳಿಸಿಹೋಗಿದ್ದರೆ ಆ ಕಾರ್ಡಿನಲ್ಲಿ ಮತ್ತೆ ಒಂದು ಚಿತ್ರವನ್ನೂ ತೆಗೆಯಬೇಡಿ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಬಹಳಷ್ಟನ್ನು ಮರಳಿಸಬಲ್ಲದು. ಮರಳಿ ಬಂದವನ್ನು ಕಂಪ್ಯೂಟರಿನಲ್ಲೇ ಉಳಿಸಿ, ಅದೇ ಕಾರ್ಡಿಗಲ್ಲ.

ಎಲ್ಲಕ್ಕಿಂತ ಕಾಡುವುದು ಲೆನ್ಸ್. ಅರ್ಧ ಹೊರಬಂದು ಟಕಟಕ ಸದ್ದು ಮಾಡಿ ನಿಂತುಬಿಡುತ್ತದೆ. ಹಳೆಯ ಕ್ಯಾನನ್‌ಗಳಲ್ಲಿ ‘ಇ18’ ಎಂದು ಕಾಣುತ್ತಿದ್ದದ್ದು ಇದೇ. ಒಂದರೊಳಗೊಂದು ಜಾರುವ ಕೊಳವೆಗಳ ನಡುವೆ ಕೂದಲೆಳೆಯಷ್ಟೇ ಸಂದು. ಗೋಕರ್ಣದ ಕಡಲತೀರದ ಒಂದು ಮರಳಕಣ ಸಾಕು, ಮೋಟಾರು ಸೋಲುತ್ತದೆ. ಮೊದಲು ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಿ, ಶಕ್ತಿ ಸಾಲದೆಯೂ ಲೆನ್ಸ್ ನಿಲ್ಲುವುದುಂಟು. ಆಮೇಲೆ ಬ್ಯಾಟರಿ ತೆಗೆದು, ಲೆನ್ಸ್ ಕೆಳಮುಖ ಮಾಡಿ, ಸಂದಿಗೆ ರಬ್ಬರ್ ಬ್ಲೋವರಿನಿಂದ ಗಾಳಿ ಊದಿ. ತೆಳ್ಳನೆಯ ಕಾಗದದ ಪಟ್ಟಿಯನ್ನು ಸುತ್ತಲೂ ಮೆಲ್ಲಗೆ ಆಡಿಸಿ. ಎಣ್ಣೆ ಹಾಕಬೇಡಿ, ಕೈಯಿಂದ ಎಳೆಯಬೇಡಿ. ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ಮುಗಿಯಿತು.

ಚಿತ್ರವೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಗೀರು ಬಿದ್ದಂತಿದ್ದರೆ ಸೆನ್ಸರ್ ಹೋಗಿದೆ ಎಂದರ್ಥ. ಸೋನಿ ತಯಾರಿಸಿದ್ದ ಕೆಲವು ಸೆನ್ಸರ್‌ಗಳು ಶಾಖ, ತೇವಕ್ಕೆ ಹೀಗೆ ಕೆಡುತ್ತವೆಂದು 2005ರಲ್ಲಿ ಹಲವು ಕಂಪನಿಗಳು ಒಪ್ಪಿ, ಉಚಿತವಾಗಿ ಸರಿಪಡಿಸಿಕೊಟ್ಟಿದ್ದವು. ಇಂದು ಅದನ್ನು ಬದಲಿಸುವುದು ಲಾಭವಲ್ಲ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೊಂದು ಕಾಟವಿದೆ: ಲೆನ್ಸಿನೊಳಗೆ ಜೇಡರಬಲೆಯಂತೆ ಹಬ್ಬುವ ಬೂಷ್ಟು. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಏನೇ ಆದರೂ ಸ್ಕ್ರೂ ಬಿಚ್ಚಲು ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಷ್‌ನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು, ಹೊಡೆತ ಜೋರಾಗಿರುತ್ತದೆ. ಆ ಕೆಲಸ ಬಲ್ಲವರಿಗೆ ಬಿಡಿ. ರಿಪೇರಿಗೆ ಕೊಡುವ ಮುನ್ನ ಕಾರ್ಡ್ ತೆಗೆದಿಟ್ಟುಕೊಳ್ಳಿ. ಕ್ಯಾಮೆರಾ ಆನ್ ಆಗುತ್ತಿದ್ದರೆ ಅದರ ಒಳಮೆಮೊರಿಯಲ್ಲಿ ಉಳಿದ ಚಿತ್ರಗಳನ್ನೂ ಮರೆಯದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ.