ಆಲ್ಸೇಷಿಯನ್ ನಾಯಿ: ಸ್ವಭಾವ ಮತ್ತು ಪಾಲನೆ

ಕಾಫಿ ಕುಯ್ಲು ಹತ್ತಿರ ಬಂದಂತೆ ಕಣದ ಕಾವಲಿಗೆ ಒಳ್ಳೆಯ ನಾಯಿ ಬೇಕೆಂದು ಸದಸ್ಯ ಬಾಂಧವರು ವಿಚಾರಿಸುವುದುಂಟು. ಹೆಚ್ಚಿನವರ ಒಲವು ಆಲ್ಸೇಷಿಯನ್ ಕಡೆಗೆ. ಮರಿಯನ್ನು ತರುವ ಮೊದಲು ಈ ತಳಿಯ ಗುಣವನ್ನು ಅರಿಯುವುದು ಲೇಸು.

ಇದರ ಮೂಲ ಹೆಸರು ಜರ್ಮನ್ ಶೆಫರ್ಡ್. ಅಂದರೆ ಜರ್ಮನಿಯ ಕುರಿಕಾಯುವ ನಾಯಿ. ಮೊದಲನೆಯ ಮಹಾಯುದ್ಧದ ನಂತರ ಜರ್ಮನ್ ಎಂಬ ಮಾತೇ ಬೇಡವಾಗಿ ಬ್ರಿಟಿಷರು ಇದನ್ನು ಆಲ್ಸೇಷಿಯನ್ ಎಂದು ಕರೆದರು. ನಮ್ಮಲ್ಲಿ ಆ ಹೆಸರೇ ಉಳಿಯಿತು. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬವರು ಹೋರಾಂಡ್ ಎಂಬ ನಾಯಿಯನ್ನು ಕೊಂಡು ಈ ತಳಿಯನ್ನು ರೂಢಿಸಿದರು. ಬೆಳೆದ ಗಂಡು 60ರಿಂದ 65 ಸೆಂ.ಮೀ. ಎತ್ತರ, 30ರಿಂದ 40 ಕಿಲೋ ತೂಕ ಇರುತ್ತದೆ.

ಅಲ್ಲಿ ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯಿಸುವಾಗ, ಅವು ಪೈರಿಗೆ ಬಾಯಿ ಹಾಕದಂತೆ ನಾಯಿ ದಿನವಿಡೀ ಹೊಲದಂಚಿನಲ್ಲಿ ಓಡಾಡುತ್ತಿತ್ತು. ನಾಯಿಯೇ ಬೇಲಿ! ಯಜಮಾನನ ಸನ್ನೆಯನ್ನು ಗಮನಿಸುವುದು, ಗಡಿ ದಾಟಿದವರನ್ನು ತಡೆಯುವುದು, ದಣಿಯುವಷ್ಟು ಓಡುವುದು ಇದರ ಹುಟ್ಟುಗುಣ. ಇಂಥ ಪ್ರಾಣಿಯನ್ನು ಹಗಲಿರುಳು ಕಟ್ಟಿಹಾಕಿದರೆ ಏನಾದೀತು?

ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ಮೊದಲನೆಯ ನಾಯಿಯನ್ನು, ಕಟ್ಟಿದಷ್ಟೂ ಜೋರಾಗುತ್ತದೆಂದು ನಂಬಿ, ಸರಪಳಿಯಲ್ಲೇ ಬೆಳೆಸಿದೆ. ಒಂದು ಬಟವಾಡೆಯ ದಿನ ಸರಪಳಿ ಕಳಚಿಕೊಂಡು, ಹದಿನೈದು ವರ್ಷದಿಂದ ನಮ್ಮ ತೋಟಕ್ಕೆ ಬರುತ್ತಿದ್ದ ಹೆಂಗಸಿನ ಕಾಲು ಕಚ್ಚಿತು. ತಪ್ಪು ನಾಯಿಯದಲ್ಲ, ನನ್ನದು. ಎರಡನೆಯದನ್ನು ಮರಿಯಿದ್ದಾಗಿನಿಂದ ಆಳುಗಳ ನಡುವೆ ತಿರುಗಾಡಿಸಿದೆ. ದಿನವೂ ತೋಟ ಸುತ್ತುವಾಗ ಜೊತೆಗೆ ಕರೆದೊಯ್ದೆ. ಅದು ಯಾರನ್ನೂ ಕಚ್ಚಲಿಲ್ಲ. ಅಪರಿಚಿತರು ಬಂದರೆ ಬೊಗಳದೆ ಬಿಡಲೂ ಇಲ್ಲ.

ಪಾಲನೆಯಲ್ಲಿ ಮುಖ್ಯವಾದ ಕೆಲವು ಅಂಶಗಳು:

1. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು ಹಾಕಿಸಿ, ಪಶುವೈದ್ಯರು ಹೇಳಿದಂತೆ ಪುನಃ ಹಾಕಿಸುತ್ತಿರಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

2. ತೋಟದಿಂದ ಬಂದೊಡನೆ ಕಿವಿ, ಕಂಕುಳು, ಬೆರಳ ಸಂದಿಗಳಲ್ಲಿ ಉಣುಗು ನೋಡಿ ತೆಗೆಯಬೇಕು. ಜ್ವರ ಬಂದು ಊಟ ಬಿಟ್ಟರೆ ಅಥವಾ ಮೂಗಿನಲ್ಲಿ ರಕ್ತ ಕಂಡರೆ ಉಣುಗಿನಿಂದ ಬರುವ ಜ್ವರವಿರಬಹುದು, ತಡಮಾಡಬಾರದು.

3. ಊಟ ದಿನಕ್ಕೆ ಎರಡು ಹೊತ್ತು. ಹೊಟ್ಟೆ ತುಂಬ ತಿಂದೊಡನೆ ಓಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಂಡು ಸಾಯುವ ಅಪಾಯವಿದೆ.

4. ಈ ತಳಿಗೆ ಸೊಂಟದ ಕೀಲಿನ ದೋಷ ವಂಶದಿಂದ ಬರುತ್ತದೆ. ಮರಿ ಕೊಳ್ಳುವಾಗ ತಾಯಿ ತಂದೆಯರ ನಡಿಗೆಯನ್ನು ನೋಡಿ. ಮರಿ ಮೈ ಬೆಳೆಸಿ ಬೊಜ್ಜು ಬರದಂತೆ ನೋಡಿಕೊಳ್ಳಿ.

5. ಮೈಲುತುತ್ತದ ನೀರು, ಇಲಿಪಾಷಾಣ ಇವುಗಳಿಂದ ದೂರವಿಡಿ. ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು, ಭದ್ರವಾದ ಗೂಡಿರಲಿ.

ದಿನಕ್ಕೆ ಒಂದು ಗಂಟೆಯಾದರೂ ಇದರೊಡನೆ ಕಳೆಯಲಾಗದವರು ನಮ್ಮ ನಾಡುನಾಯಿಯನ್ನೇ ಸಾಕುವುದು ಒಳ್ಳೆಯದು. ನಾಯಿಗೂ ಕ್ಷೇಮ, ಆಳುಗಳಿಗೂ ಕ್ಷೇಮ.