ಮೂಗುತಿ ಮೊದಲು, ಮುಖ ಆಮೇಲೆ

ಹಳೇಬೀಡಿನ ಹೊಯ್ಸಳೇಶ್ವರ ನೋಡಿದವರೆಲ್ಲ ಪಕ್ಕದ ಬಸ್ತಿಹಳ್ಳಿಗೆ ಹೋಗುವುದಿಲ್ಲ. ಹೋದವರು ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಕಂಬದ ಎದುರು ನಿಂತು ಮುಖ ನೋಡಿಕೊಳ್ಳದೆ ಬರುವುದಿಲ್ಲ. ಹೊಯ್ಸಳರ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಬಸದಿ ಇದು. ಬಳಪದ ಕಲ್ಲನ್ನು ಕಡೆದು, ಉಜ್ಜಿ ಉಜ್ಜಿ ಕನ್ನಡಿಯಾಗಿಸಿದ್ದಾರೆ. ಮಿರಿಮಿರಿ ಮಿಂಚುವ ಮೈಯ ಮೇಲಿನ ಈ ಮೋಹ ಆರೂವರೆ ಶತಮಾನ ಕಳೆದ ಮೇಲೆ ನಮ್ಮಲ್ಲಿಗೆ ಇನ್ನೊಂದು ವೇಷದಲ್ಲಿ ಬಂತು. ಈ ಸಲ ಗಾಜಿನ ಮೇಲೆ, ಚೀನಾದ ದಾರಿಯಿಂದ.

ಹಳೆಯ ಮನೆಗಳ ದೇವರ ಕೋಣೆಯಲ್ಲಿ, ಪಡಸಾಲೆಯ ಗೋಡೆಯಲ್ಲಿ ತೂಗುವ ಗಾಜಿನ ಪಟಗಳನ್ನು ಅಪ್ಪಟ ನಮ್ಮವೆಂದೇ ತಿಳಿದಿರುತ್ತೇವೆ. ಅವುಗಳ ವಂಶಾವಳಿ ಹಿಡಿದು ಹೊರಟರೆ ಚೀನಾದ ಕ್ಯಾಂಟನ್ ಬಂದರು ಸಿಗುತ್ತದೆ. ಗಾಜಿನ ಹಿಂಬದಿಗೆ ಬರೆಯುವ ವಿದ್ಯೆ ಚೀನಾಕ್ಕೂ ಯುರೋಪಿನಿಂದಲೇ ಬಂದದ್ದು. 18ನೇ ಶತಮಾನದಲ್ಲಿ ಯುರೋಪಿನ ಗಾಜಿನ ಹಾಳೆಗಳೂ ಕನ್ನಡಿಗಳೂ ಹಡಗಿನಲ್ಲಿ ಕ್ಯಾಂಟನ್‌ಗೆ ಹೋಗಿ, ಚಿತ್ರ ಬರೆಸಿಕೊಂಡು, ಮರದ ಕಟ್ಟು ತೊಟ್ಟು ಮರಳುತ್ತಿದ್ದವು. ಬೀರುವಿನ ಬಾಗಿಲಿಗೆ, ಅಡ್ಡತೆರೆಗೆ, ಲಾಂದ್ರದ ಮುಖಗಳಿಗೆ ಇಂಥ ಗಾಜು ಕೂರಿಸುವುದು ಸಿರಿವಂತಿಕೆಯ ಗುರುತಾಯಿತು.

ಕೆಲಸದ ಕ್ರಮವೇ ತಲೆಕೆಳಗು. ಚಿತ್ರಕಾರ ಬರೆಯುವುದು ಹಿಂಬದಿಗೆ, ನಾವು ನೋಡುವುದು ಮುಂಬದಿಯಿಂದ. ಹಾಗಾಗಿ ಕಾಗದದ ಮೇಲೆ ಕೊನೆಗೆ ಬರುವುದು ಇಲ್ಲಿ ಮೊದಲಿಗೇ ಬರಬೇಕು. ಕಣ್ಣೊಳಗಿನ ಹೊಳಪಿನ ಚುಕ್ಕೆ, ಮೂಗುತಿ, ಹುಬ್ಬಿನ ಗೆರೆ, ಸೆರಗಿನ ಬುಟ್ಟಾ. ಅದು ಒಣಗಿದ ಮೇಲೆ ಕೆನ್ನೆಯ ಬಣ್ಣ. ಆಮೇಲೆ ಸೀರೆಯ ಒಡಲು. ಎಲ್ಲ ಮುಗಿದ ಮೇಲೆ ಆಕಾಶ. ಮೂಗುತಿ ಮರೆತರೆ ಮುಗಿಯಿತು, ಕೆನ್ನೆಗೆ ಬಣ್ಣ ಬಿದ್ದ ಮೇಲೆ ತೊಡಿಸುವಂತಿಲ್ಲ. ಎಡಬಲವೂ ಅದಲುಬದಲು. ಮಾದರಿಯನ್ನು ಗಾಜಿನಡಿ ಇಟ್ಟು ಹಾಗೆಯೇ ತಿದ್ದಿದರೆ ಬಲಗೈಯ ಬೆಣ್ಣೆ ಕೃಷ್ಣನ ಎಡಗೈಗೆ ಹೋಗಿ ಕೂರುತ್ತದೆ.

ಕನ್ನಡಿಯ ಮೇಲಿನ ಕೆಲಸ ಇನ್ನೂ ನಾಜೂಕಿನದು. ಹಿಂಬದಿಯ ತವರ-ಪಾದರಸದ ಲೇಪವನ್ನು ಚಿತ್ರಕ್ಕೆ ಬೇಕಾದಷ್ಟೇ ಜಾಗದಲ್ಲಿ ಕೆರೆದು ತೆಗೆದು ಅಲ್ಲಿ ಬಣ್ಣ ತುಂಬುತ್ತಿದ್ದರು. ಉಳಿದದ್ದು ಕನ್ನಡಿಯಾಗಿಯೇ ಇರುತ್ತಿತ್ತು. ಹೂಗಿಡದ ಪಕ್ಕ ಕೂತ ಹೆಂಗಸಿನ ಬೆನ್ನ ಹಿಂದೆ ನೋಡುವವರ ಮೋರೆ!

ಭಾರತಕ್ಕೆ ಇವು ಬಂದದ್ದು ಬಹುಪಾಲು ಪಶ್ಚಿಮ ಕರಾವಳಿಯ ಚೀನಾ ವ್ಯಾಪಾರದ ಜೊತೆ. ಚೀನೀ ಚಿತ್ರಕಾರರೂ ಬಂದು ಇಲ್ಲಿನವರಿಗಾಗಿ ಬರೆದರು. ಆ ಪಟಗಳಲ್ಲಿ ನಮ್ಮ ಒಡವೆ ತೊಟ್ಟ ಹೆಂಗಸು ಚೀನೀ ಕುರ್ಚಿಯ ಮೇಲೆ ಕೂತಿರುತ್ತಾಳೆ, ಕಣ್ಣೂ ಕೊಂಚ ಆ ಕಡೆಯದೇ. ನನಗೆ ಇಷ್ಟವಾಗುವುದು ಈ ಬೆರಕೆಯೇ. ಸತಾರಾ, ತಂಜಾವೂರು, ಮೈಸೂರುಗಳ ಚಿತ್ರಕಾರರು ಕೈಹಾಕಿದ ಮೇಲೆ ನೆರಳು-ಬೆಳಕಿನ ನಯ ಹೋಗಿ ಗಾಢ ಬಣ್ಣ ಬಂತು. ಒಡವೆಯ ಜಾಗವನ್ನು ಖಾಲಿ ಬಿಟ್ಟು ಹಿಂದಿನಿಂದ ಬೇಗಡೆ ಅಂಟಿಸಿದರು. 19ನೇ ಶತಮಾನದ ಮೈಸೂರಿನಲ್ಲಿ ದೇವರಷ್ಟೇ ಅಲ್ಲ, ಅರಸರೂ ಗಾಜಿನೊಳಗೆ ಕೂತರು. ಈ ಪರಂಪರೆಯ ಬಗ್ಗೆ ಜಯಾ ಅಪ್ಪಸಾಮಿ, ಆನಾ ದಲ್ಲಾಪಿಕೊಲಾ ಪುಸ್ತಕಗಳನ್ನೇ ಬರೆದಿದ್ದಾರೆ.

1894ರಲ್ಲಿ, ದೇವರ ಪಟಗಳನ್ನು ಕಾಗದದ ಮೇಲೆ ಅಚ್ಚು ಹಾಕುವ, ಚಿತ್ರಕಾರ ರವಿವರ್ಮನ ಮುದ್ರಣಾಲಯ ಶುರುವಾಯಿತು. ಕೆಲವೇ ಕಾಸಿಗೆ ಕಾಗದದ ಲಕ್ಷ್ಮಿ ಸಿಗುವಾಗ ಗಾಜಿನ ಲಕ್ಷ್ಮಿಗೆ ಯಾರು ಕಾಯುತ್ತಾರೆ?

ಮನೆಯಲ್ಲಿ ಇಂಥ ಗಾಜಿನ ಪಟ ಒಂದು ಉಳಿದಿದ್ದರೆ ಗಾಜನ್ನು ಓರೆಯಾಗಿ ನೋಡಿ. ಹಳೆಯ ಗಾಜಿನ ಮೈ ತುಸು ಅಲೆಯಲೆಯಾಗಿರುತ್ತದೆ, ಒಳಗೆ ಸಣ್ಣ ಗುಳ್ಳೆಗಳೂ ಇರಬಹುದು. ಗಾಜು ಬಣ್ಣವನ್ನು ಹೀರಿಕೊಳ್ಳುವುದಿಲ್ಲ, ಬಣ್ಣ ಬರೀ ಅಂಟಿಕೊಂಡಿರುತ್ತದೆ; ತೇವ ತಾಗಿದರೆ ಹಕ್ಕಳೆ ಏಳುತ್ತದೆ. ಅಡುಗೆಮನೆಗೆ ಅಂಟಿದ ಗೋಡೆ, ಮಳೆಗೆ ಜಿನುಗುವ ಗೋಡೆ ಬೇಡ. ಮುಂಬದಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಕಟ್ಟು ಬದಲಿಸಲು ಕೊಟ್ಟಾಗ ಅಂಗಡಿಯವರು ಹಿಂಬದಿಯನ್ನೂ ಒದ್ದೆಬಟ್ಟೆಯಲ್ಲಿ ಉಜ್ಜಿ ಕೊಡಬಹುದು. ಧೂಳಿನ ಜೊತೆ ಸರಸ್ವತಿಯೂ ಹೋಗುತ್ತಾಳೆ. ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿ.