ಡೀಸೆಲ್ ಎಂಜಿನಿನಲ್ಲಿ ಎಣ್ಣೆ ಚಿಮ್ಮಿಸುವ ಭಾಗಗಳು: ಅವುಗಳಲ್ಲಾದ ಸುಧಾರಣೆಗಳೂ ರೈತರು ವಹಿಸತಕ್ಕ ಎಚ್ಚರಿಕೆಗಳೂ

ರೋಣ ತಾಲ್ಲೂಕಿನ ಬೆಳವಣಕಿ ಮತ್ತು ಅದರ ಸುತ್ತಲಿನ ಗ್ರಾಮಗಳ ಭೂಮಿಯು ಬಹುತರ ಎರೆಭೂಮಿಯಾಗಿರುವುದು. ಈ ನೆಲದ ಗುಣವನ್ನು ಅಲ್ಲಿಯ ರೈತರಿಗೆ ಹೇಳಿಕೊಡಬೇಕಾದುದಿಲ್ಲ. ಮಳೆ ಬಿದ್ದೊಡನೆ ಹೊಲದಲ್ಲಿ ಕಾಲಿಡಲು ಬಾರದು. ಬಿಸಿಲು ಬಲಿತ ಮೇಲೆ ನೆಲವು ಗಟ್ಟಿಯಾಗಿ ಬಿರುಕು ಬಿಡುವುದು. ಇವೆರಡರ ನಡುವೆ ಹದವಿರುವ ದಿನಗಳು ಕೆಲವು ಮಾತ್ರ. ಹಿಂಗಾರಿಯ ಜೋಳ, ಕಡಲೆ, ಗೋದಿ, ಕುಸುಬೆಗಳನ್ನು ಆ ದಿನಗಳಲ್ಲಿಯೇ ಬಿತ್ತಿ ಮುಗಿಸಬೇಕು. ಎತ್ತಿನ ಕಾಲದಲ್ಲಿ ಬಿತ್ತನೆಗೆ ಮುಂಚೆ ಎತ್ತುಗಳ ಕಾಲು, ಗೊರಸು, ಹೆಗಲುಗಳನ್ನು ನೋಡಿಕೊಳ್ಳುತ್ತಿದ್ದರು. ಈಗ ಬಹು ಹೊಲಗಳ ಕೆಲಸವು ಟ್ರ್ಯಾಕ್ಟರಿನಿಂದ ನಡೆಯುತ್ತಿರುವುದರಿಂದ ಅದೇ ಮುಂಜಾಗ್ರತೆಯು ಎಂಜಿನಿಗೂ ಸಲ್ಲತಕ್ಕದ್ದು. ಹದದ ದಿನ ಎಂಜಿನು ನಿಂತರೆ ದುರಸ್ತಿಯ ವೆಚ್ಚಕ್ಕಿಂತಲೂ ಹದ ತಪ್ಪಿದ ನಷ್ಟವೇ ಹೆಚ್ಚಿನದು.

ಎಂಜಿನಿನ ಅಂಗಗಳಲ್ಲೆಲ್ಲ ಅತಿ ಸೂಕ್ಷ್ಮವಾದುದು, ಕೊಳೆಗೂ ನೀರಿಗೂ ಎಲ್ಲಕ್ಕಿಂತ ಮೊದಲು ಕೆಡುವುದು, ಎಣ್ಣೆಯನ್ನು ಚಿಮ್ಮಿಸುವ ಏರ್ಪಾಡು. ಇದರ ಕೆಲಸವನ್ನು ತಿಳಿದ ರೈತನು ಅದನ್ನು ಕಾಪಾಡಬಲ್ಲನು. ದುರಸ್ತಿಯಲ್ಲಿ ಮೋಸ ಹೋಗಲಾರನು.

ಈ ಏರ್ಪಾಡಿನ ಕೆಲಸವೇನು?

ಪೆಟ್ರೋಲ್ ಎಂಜಿನಿನಲ್ಲಿರುವಂತೆ ಡೀಸೆಲ್ ಎಂಜಿನಿನಲ್ಲಿ ಕಿಡಿ ಹಚ್ಚುವ ಪ್ಲಗ್ಗು ಇರುವುದಿಲ್ಲ. ಸಿಲಿಂಡರಿನೊಳಗೆ ಸೇದಿದ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನಾರು ಹದಿನೇಳನೆಯ ಒಂದು ಪಾಲಿಗೆ ಅದುಮುವುದು. ಹೀಗೆ ಅದುಮಿದ ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಕಾಯುವುದು. ಆ ಕ್ಷಣದಲ್ಲಿ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುವುದು. ಆದುದರಿಂದ ಈ ಏರ್ಪಾಡು ಮೂರು ಕೆಲಸಗಳನ್ನು ತಪ್ಪದೆ ಮಾಡಬೇಕು: ಎಣ್ಣೆಯನ್ನು ಸರಿಯಾಗಿ ಅಳೆಯಬೇಕು, ಸರಿಯಾದ ಕ್ಷಣದಲ್ಲಿ ಕೊಡಬೇಕು, ಸಣ್ಣ ಸಣ್ಣ ಕಣಗಳಾಗಿ ಒಡೆದು ಹರಡಬೇಕು.

ಈ ಕೆಲಸದ ಸೂಕ್ಷ್ಮತೆಯು ಒಂದು ಲೆಕ್ಕದಿಂದ ತಿಳಿಯುವುದು. ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರಿನ ಎಂಜಿನು ನಿಮಿಷಕ್ಕೆ 1,500 ಸುತ್ತು ತಿರುಗುತ್ತ ಗಂಟೆಗೆ 6 ಲೀಟರು ಡೀಸೆಲ್ ಸುಡುವುದೆಂದು ಇಟ್ಟುಕೊಳ್ಳೋಣ. ಎರಡು ಸುತ್ತಿಗೆ ಒಂದಾವರ್ತಿಯಂತೆ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 750 ಸಾರಿ, ನಾಲ್ಕಕ್ಕೂ ಸೇರಿ 3,000 ಸಾರಿ, ಗಂಟೆಗೆ 1,80,000 ಸಾರಿ ಎಣ್ಣೆ ಚಿಮ್ಮಬೇಕು. ಆರು ಲೀಟರನ್ನು ಅಷ್ಟು ಪಾಲು ಮಾಡಿದರೆ ಒಂದು ಪಾಲಿಗೆ ಬರುವುದು ಸುಮಾರು 33 ಘನ ಮಿಲಿಮೀಟರು. ಎಂದರೆ ಒಂದು ನೀರಿನ ಹನಿಗಿಂತಲೂ ಕಡಿಮೆ. ಆ ಅಲ್ಪ ಪ್ರಮಾಣವು ಒಂದು ಸೆಕೆಂಡಿನ ಐನೂರನೆಯ ಒಂದು ಪಾಲಿನಷ್ಟು ಹೊತ್ತಿನೊಳಗೆ ಚಿಮ್ಮಿ ಮುಗಿಯಬೇಕು. ಇಷ್ಟು ನಯವಾದ ಕೆಲಸ ಮಾಡುವ ಯಂತ್ರಕ್ಕೆ ಒಂದು ಚಿಟಿಕೆ ಧೂಳು ಎಷ್ಟು ಕೇಡು ಮಾಡಬಲ್ಲದೆಂಬುದನ್ನು ಊಹಿಸಿಕೊಳ್ಳಬಹುದು.

ಹಳೆಯ ಏರ್ಪಾಡು ಮತ್ತು ಮೊದಲ ಸುಧಾರಣೆ

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನನ್ನು ಸಫಲವಾಗಿ ನಡೆಸಿ ತೋರಿಸಿದನು. ಅದರಲ್ಲಿ ಎಣ್ಣೆಯನ್ನು ಅದುಮಿದ ಗಾಳಿಯ ರಭಸದಿಂದ ಸಿಲಿಂಡರಿನೊಳಕ್ಕೆ ಊದಬೇಕಾಗಿತ್ತು. ಇದಕ್ಕೆ ಗಾಳಿ ಅದುಮುವ ಬೇರೊಂದು ಯಂತ್ರವೂ ಗಾಳಿಯ ಸೀಸೆಗಳೂ ಬೇಕಾಗಿ, ಎಂಜಿನು ಗಿರಣಿಗಳಿಗೂ ಹಡಗುಗಳಿಗೂ ತಕ್ಕುದಾಯಿತೇ ಹೊರತು ಹೊಲದಲ್ಲಿ ಓಡಾಡುವಂತಿರಲಿಲ್ಲ. ಗಾಳಿಯ ನೆರವಿಲ್ಲದೆ ಎಣ್ಣೆಯನ್ನೇ ಅದುಮಿ ಚಿಮ್ಮಿಸುವ ಚಿಕ್ಕ ಪಂಪನ್ನು ಜರ್ಮನಿಯ ಬಾಷ್ ಕಂಪನಿಯು 1927ರಿಂದ ಹೇರಳವಾಗಿ ತಯಾರಿಸತೊಡಗಿತು. ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಎಂಜಿನು ಒಗ್ಗಿದ್ದು ಮುಖ್ಯವಾಗಿ ಈ ಪಂಪಿನ ಬಲದಿಂದ.

ಕರ್ಣಾಟಕದಲ್ಲಿಯೂ ಈ ಕೆಲಸವು ಬೇರೂರಿದೆ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆಯನ್ನು ತೆರೆದು ಪಂಪು, ನಾಜಲ್‌ಗಳನ್ನು ತಯಾರಿಸಿತು. ರೈತರು ಇದನ್ನು ಮೈಕೋ ಎಂದೇ ಬಲ್ಲರು. 2008ರಲ್ಲಿ ಇದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಮುಖ್ಯ ಭಾಗಗಳೂ ಅವುಗಳ ಸುಧಾರಣೆಯೂ

1. ಪ್ಲಂಜರು ಮತ್ತು ಬ್ಯಾರಲ್. ಪಂಪಿನೊಳಗೆ ಉಕ್ಕಿನ ಕೊಳವೆಯಲ್ಲಿ ಉಕ್ಕಿನ ದಂಡವೊಂದು ಮೇಲೆ ಕೆಳಗೆ ಆಡುತ್ತಿರುವುದು. ಎರಡನ್ನೂ ಕೂಡಿಸಿ ಮೇಸ್ತ್ರಿಗಳು ಎಲಿಮೆಂಟು ಎನ್ನುವರು. ಇವುಗಳ ನಡುವಿನ ಸಂದು ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನಷ್ಟು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಎಣ್ಣೆ ಸೋರದಂತೆ ತಡೆಯುವ ಉಂಗುರವಾಗಲಿ ಬಿರಡೆಯಾಗಲಿ ಇಲ್ಲಿ ಇರುವುದಿಲ್ಲ. ಈ ಬಿಗುವೇ ತಡೆ. ದಂಡದ ಮೈಯಲ್ಲಿ ಓರೆಯಾಗಿ ಕೊರೆದ ಕಾಲುವೆಯೊಂದಿರುವುದು. ದಂಡವನ್ನು ತುಸು ತಿರುಗಿಸಿದರೆ ಆ ಕಾಲುವೆಯು ಕಿಂಡಿಗೆ ಬೇಗನೆ ಇಲ್ಲವೆ ತಡವಾಗಿ ಎದುರಾಗಿ, ಎಣ್ಣೆಯ ಅಳತೆಯು ಕಡಿಮೆ ಅಥವಾ ಹೆಚ್ಚು ಆಗುವುದು. ಗವರ್ನರು ಈ ತಿರುಗಿಸುವ ಕೆಲಸವನ್ನು ಮಾಡುವುದು. ದಂಡವನ್ನೂ ಕೊಳವೆಯನ್ನೂ ಒಂದಕ್ಕೊಂದು ಕೂಡಿಸಿ ಸಾಣೆ ಹಿಡಿದಿರುವುದರಿಂದ ಒಂದರ ದಂಡವನ್ನು ಇನ್ನೊಂದರ ಕೊಳವೆಗೆ ಹಾಕಕೂಡದು.

2. ಡೆಲಿವರಿ ವಾಲ್ವು. ಎಣ್ಣೆ ಚಿಮ್ಮಿ ಮುಗಿದೊಡನೆ ಕೊಳವೆಯೊಳಗಿನ ಒತ್ತಡವನ್ನು ಥಟ್ಟನೆ ಇಳಿಸುವುದು ಇದರ ಕೆಲಸ. ಇದು ಸವೆದರೆ ನಾಜಲ್ ತಟ್ಟನೆ ಮುಚ್ಚಿಕೊಳ್ಳದೆ ಕೊನೆಯಲ್ಲಿ ಹನಿ ಜಿನುಗುವುದು. ಆ ಹನಿಯು ಪೂರ್ತಿ ಉರಿಯದೆ ಕಾಡಿಗೆಯಾಗುವುದು.

3. ನಾಜಲ್. ಒಂದು ಸೂಜಿಯು ಸ್ಪ್ರಿಂಗಿನ ಬಲದಿಂದ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿರುವುದು. ಎಣ್ಣೆಯ ಒತ್ತಡವು ನಿಗದಿಯಾದ ಮಟ್ಟಕ್ಕೇರಿದಾಗ ಸೂಜಿಯೆದ್ದು ಎಣ್ಣೆ ಚಿಮ್ಮುವುದು. ಹಳೆಯ ತರದ ಟ್ರ್ಯಾಕ್ಟರುಗಳಲ್ಲಿ ಈ ಮಟ್ಟವು ಸುಮಾರು 200 ವಾಯುಭಾರದ ಆಸುಪಾಸಿನಲ್ಲಿರುವುದು. ನಿಖರವಾದ ಅಂಕಿಯು ಆಯಾ ಎಂಜಿನಿನ ಪುಸ್ತಕದಲ್ಲಿದೆ. ಸುಧಾರಣೆಯಾದ ನಾಜಲ್‌ಗಳಲ್ಲಿ ರಂಧ್ರಗಳು ಮೊದಲಿಗಿಂತ ಕಿರಿದಾಗಿ ಸಂಖ್ಯೆಯಲ್ಲಿ ಹೆಚ್ಚಾಗಿವೆ. ಇವನ್ನು ಬೈರಿಗೆಯಿಂದ ಕೊರೆಯದೆ ವಿದ್ಯುತ್ತಿನ ಕಿಡಿಯಿಂದ ಕೊರೆದು, ಸಾಣೆಪುಡಿ ಬೆರೆಸಿದ ದ್ರವವನ್ನು ಹಾಯಿಸಿ ಅಂಚನ್ನು ನಯಗೊಳಿಸುವರು. ಸೂಜಿಯ ತುದಿಯ ಕೆಳಗೆ ಎಣ್ಣೆ ನಿಲ್ಲುತ್ತಿದ್ದ ಕುಳಿಯನ್ನು ಕಿರಿದು ಮಾಡಿ ಜಿನುಗುವಿಕೆಯನ್ನು ತಗ್ಗಿಸಿರುವರು. ಸವೆತವನ್ನು ತಡೆಯಲು ಕೆಲವು ಸೂಜಿಗಳಿಗೆ ವಜ್ರದಂತೆ ಗಟ್ಟಿಯಾದ ಇಂಗಾಲದ ತೆಳು ಲೇಪವನ್ನು ಕೊಡುವರು.

ಕಾಮನ್ ರೇಲ್ ಎಂಬ ಹೊಸ ಏರ್ಪಾಡು

ಹಳೆಯ ಪಂಪಿನಲ್ಲಿ ಒಂದು ಕೊರತೆಯಿತ್ತು. ಎಂಜಿನಿನ ಓಟ ತಗ್ಗಿದರೆ ಚಿಮ್ಮುವ ರಭಸವೂ ತಗ್ಗುತ್ತಿತ್ತು. ಆದುದರಿಂದ ಭಾರ ಎಳೆಯುವಾಗ, ಬೇಕಾದ ಹೊತ್ತಿನಲ್ಲಿಯೇ, ಎಣ್ಣೆಯು ಚೆನ್ನಾಗಿ ಒಡೆಯದೆ ಹೊಗೆ ಬರುತ್ತಿತ್ತು. ಈ ಕೊರತೆಯನ್ನು ನೀಗಲು, ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಎಣ್ಣೆಯನ್ನು ಸದಾ ಹೆಚ್ಚಿನ ಒತ್ತಡದಲ್ಲಿಟ್ಟು, ವಿದ್ಯುತ್ತಿನಿಂದ ತೆರೆಯುವ ಇಂಜೆಕ್ಟರುಗಳ ಮೂಲಕ ಚಿಮ್ಮಿಸುವ ಪದ್ಧತಿಯು ಬಂದಿತು. 1997ರಲ್ಲಿ ಇದು ಮೋಟಾರು ಕಾರುಗಳಲ್ಲಿ ಮಾರಾಟಕ್ಕೆ ಬಂದಾಗ ಒತ್ತಡವು ಸುಮಾರು 1,350 ವಾಯುಭಾರವಿದ್ದಿತು. ತರುವಾಯದ ಏರ್ಪಾಡುಗಳಲ್ಲಿ 2,000ವನ್ನೂ ಮೀರಿದೆ. ಗಣಕವು ಒಂದೇ ಆವರ್ತಿಯಲ್ಲಿ ಮೊದಲು ಅತಿ ಸ್ವಲ್ಪ, ಆಮೇಲೆ ಮುಖ್ಯ ಪಾಲು ಎಂದು ಎಣ್ಣೆಯನ್ನು ಹಂಚಿಕೊಡುವುದರಿಂದ ಎಂಜಿನಿನ ಬಡಿತದ ಸದ್ದೂ ಹೊಗೆಯೂ ಕಡಿಮೆಯಾಗುವುವು.

ಭಾರತದಲ್ಲಿ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುನಿಟ್ಟಾದ ಹೊಸ ನಿಯಮವು 2023ರ ಜನವರಿ 1ರಿಂದ ಜಾರಿಗೆ ಬಂದುದರಿಂದ ಅಂತಹ ಟ್ರ್ಯಾಕ್ಟರುಗಳಲ್ಲಿ ಕಾಮನ್ ರೇಲ್ ಹೆಚ್ಚಾಗಿ ಬಳಕೆಗೆ ಬಂದಿದೆ.

ಆದರೆ ಗುಣದ ಜೊತೆಗೆ ಹೊಣೆಯೂ ಇದೆ. ಹಳೆಯ ಪಂಪನ್ನು ಹೋಬಳಿಯ ಅನುಭವಸ್ಥ ಮೇಸ್ತ್ರಿಯು ಬಿಚ್ಚಿ ನೋಡಬಲ್ಲನು. ಕಾಮನ್ ರೇಲಿಗೆ ಪರೀಕ್ಷಾ ಯಂತ್ರವೂ ಗಣಕದ ಉಪಕರಣವೂ ಇರುವ ಕಾರ್ಖಾನೆಯೇ ಬೇಕು. ಹೊಸ ಟ್ರ್ಯಾಕ್ಟರನ್ನು ಕೊಳ್ಳುವವರು ಬೆಲೆಯನ್ನು ಮಾತ್ರ ವಿಚಾರಿಸದೆ, ಅಂತಹ ಕಾರ್ಖಾನೆ ತಮ್ಮ ಊರಿನಿಂದ ಎಷ್ಟು ದೂರದಲ್ಲಿದೆ, ಬಿತ್ತನೆಯ ಕಾಲದಲ್ಲಿ ಹೊಲಕ್ಕೇ ಬಂದು ನೋಡುವರೇ ಎಂಬುದನ್ನೂ ಕೇಳತಕ್ಕದ್ದು. ವರ್ಷಕ್ಕೆ ಹೆಚ್ಚು ಗಂಟೆ ದುಡಿಯುವ ಟ್ರ್ಯಾಕ್ಟರಿಗೆ ಎಣ್ಣೆಯ ಉಳಿತಾಯವು ಲಾಭವಾಗುವುದು. ಸ್ವಂತದ ಸ್ವಲ್ಪ ಹೊಲಕ್ಕೆ ಮಾತ್ರ ಬಳಸುವವನಿಗೆ ಸುಸ್ಥಿತಿಯಲ್ಲಿರುವ ಹಳೆಯ ಪಂಪನ್ನು ಜೋಪಾನ ಮಾಡುವುದೇ ಮೇಲು.

ಎಣ್ಣೆಯ ಶುದ್ಧಿ

ಡೀಸೆಲ್ ಎಣ್ಣೆಯು ಈ ಭಾಗಗಳಿಗೆ ಉರುವಲೂ ಹೌದು, ಜಿಡ್ಡೂ ಹೌದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಡೀಸೆಲಿನಲ್ಲಿ ಗಂಧಕವನ್ನು ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿಸಲಾಗಿದೆ. ಗಂಧಕ ತೆಗೆಯುವ ಕ್ರಮದಲ್ಲಿ ಎಣ್ಣೆಯ ಸಹಜ ಜಿಡ್ಡುತನವೂ ತಗ್ಗುವುದರಿಂದ ಅದಕ್ಕೆ ಬೇರೆ ವಸ್ತುವನ್ನು ಬೆರೆಸಿ ಸರಿದೂಗಿಸುವರು. ಇಂತಹ ಎಣ್ಣೆಗೆ ಸೀಮೆಎಣ್ಣೆ ಬೆರೆಸಿದರೆ ಜಿಡ್ಡುತನ ಹೋಗಿ ಪ್ಲಂಜರೂ ಸೂಜಿಯೂ ಒಣಗಿ ಉಜ್ಜಿ ಗೀರು ಬೀಳುವುವು. ನಾಲ್ಕು ಕಾಸಿನ ಉಳಿತಾಯಕ್ಕಾಗಿ ಪಂಪನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಶೇಂಗಾ, ಕುಸುಬೆ ಬೆಳೆಯುವ ಸೀಮೆಯಲ್ಲಿ ಗಾಣದ ಎಣ್ಣೆಯನ್ನೇ ಹಾಕಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನು ಶೇಂಗಾ ಎಣ್ಣೆಯಿಂದ ನಡೆದುದು ನಿಜ. ಆದರೆ ಗಾಣದ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದವಾದುದರಿಂದ ಈಗಿನ ಸಣ್ಣ ರಂಧ್ರಗಳಲ್ಲಿ ಚೆನ್ನಾಗಿ ಒಡೆಯದೆ ನಾಜಲಿನ ತುದಿಯಲ್ಲಿ ಮಸಿ ಕಟ್ಟುವುದು. ಆದುದರಿಂದ ಹಸಿ ಎಣ್ಣೆಯನ್ನು ಹಾಕಕೂಡದು.

ಎಣ್ಣೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

(ಅ) ಪೀಪಾಯಿಯನ್ನು ನೆರಳಿನಲ್ಲಿ, ತುಸು ಓರೆಯಾಗಿ ಇಟ್ಟು, ತಂದ ಮೇಲೆ ಒಂದು ದಿನವಾದರೂ ಅಲುಗಿಸದೆ ತಿಳಿಯಾಗಲು ಬಿಡಬೇಕು. ಅಡಿಯ ಎಣ್ಣೆಯನ್ನು ಎಂಜಿನಿಗೆ ಹಾಕಬಾರದು.

(ಆ) ಸತುವಿನ ಲೇಪವಿರುವ ಪಾತ್ರೆಯಲ್ಲಿ ಎಣ್ಣೆಯನ್ನು ಇಡಬಾರದು.

(ಇ) ಕೆಲಸ ಮುಗಿದ ಸಂಜೆಯೇ ಟ್ಯಾಂಕನ್ನು ತುಂಬಿಸಬೇಕು. ಅರೆಬರೆ ಖಾಲಿಯಿದ್ದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವವು ನೀರಾಗಿ ಕೆಳಗಿಳಿಯುವುದು. ಬೆಳಿಗ್ಗೆ ಎಂಜಿನು ಹೂಡುವ ಮುಂಚೆ ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ನೀರನ್ನು ಬಿಡಬೇಕು.

(ಈ) ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು. ಪುಸ್ತಕದಲ್ಲಿ ಹೇಳಿದ ಗಂಟೆಗಳಿಗೆ ಸರಿಯಾಗಿ ಬದಲಿಸಬೇಕು. ರಾಶಿಯ ಕಾಲದಲ್ಲಿ ಕಣದ ಧೂಳು ಹೆಚ್ಚಾದುದರಿಂದ ಟ್ಯಾಂಕಿನ ಮುಚ್ಚಳವನ್ನು ಒರೆಸಿಯೇ ತೆರೆಯಬೇಕು.

ರೋಗದ ಲಕ್ಷಣಗಳು

ಸಾಧಾರಣ ಭಾರಕ್ಕೇ ಕಪ್ಪು ಹೊಗೆ ಬಂದರೆ ಮೊದಲು ಗಾಳಿಯ ಫಿಲ್ಟರನ್ನು ನೋಡಿ, ಅದು ಶುದ್ಧವಾಗಿದ್ದರೆ ನಾಜಲನ್ನು ಪರೀಕ್ಷಿಸಬೇಕು. ಎಂಜಿನು ಬೆಚ್ಚಗಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆಯಲ್ಲಿ ನೀರು, ಚಿಮ್ಮುವ ಹೊತ್ತಿನ ತಪ್ಪು, ಅಥವಾ ಒಂದು ಸಿಲಿಂಡರು ಉರಿಯದಿರುವುದು ಕಾರಣವಾಗಿರಬಹುದು. ಎಂಜಿನಿನ ಅಡಿಯ ಜಿಡ್ಡೆಣ್ಣೆಯ ಮಟ್ಟವು ತಾನಾಗಿ ಏರಿದರೆ ಡೀಸೆಲ್ ಅದರೊಳಗೆ ಸೋರುತ್ತಿದೆಯೆಂದು ತಿಳಿದು ಎಂಜಿನನ್ನು ಕೂಡಲೆ ನಿಲ್ಲಿಸಬೇಕು.

ನಾಜಲನ್ನು ಕೈಪಂಪಿನ ಪರೀಕ್ಷಾ ಯಂತ್ರಕ್ಕೆ ಹಚ್ಚಿ ನೋಡುವಾಗ ಒಡೆಯನು ಎದುರಿಗಿದ್ದು ನಾಲ್ಕು ಅಂಶಗಳನ್ನು ಗಮನಿಸಬೇಕು: ನಿಗದಿಯಾದ ಒತ್ತಡಕ್ಕೆ ತೆರೆಯುವುದೇ, ಎಲ್ಲ ರಂಧ್ರಗಳಿಂದ ಸಮವಾಗಿ ಮಂಜು ಬರುವುದೇ, ಮುಚ್ಚಿದ ಮೇಲೆ ತುದಿಯು ಒಣಗಿರುವುದೇ, ಒತ್ತಡವು ಸ್ವಲ್ಪ ಹೊತ್ತು ಇಳಿಯದೆ ನಿಲ್ಲುವುದೇ. ನಾಲ್ಕೂ ಸರಿಯಿದ್ದರೆ ನಾಜಲನ್ನು ಬದಲಿಸುವ ಕಾರಣವಿಲ್ಲ. ಬದಲಿಸಬೇಕಾದಲ್ಲಿ ಕಂಪನಿಯ ಮುದ್ರೆಯೂ ಅಂಕಿಯೂ ಇರುವ ಮಾಲನ್ನು ರಸೀದಿಯೊಡನೆ ಕೊಳ್ಳಬೇಕು. ಹಳೆಯದನ್ನು ಹಿಂದಕ್ಕೆ ಕೇಳಿ ಪಡೆಯಬೇಕು.

ಪ್ರಾಣಾಪಾಯದ ಎಚ್ಚರಿಕೆ

ಚಿಮ್ಮುವ ಎಣ್ಣೆಗೆ ಕೈಯೊಡ್ಡಕೂಡದು. ಅದು ಸೂಜಿಯಂತೆ ಚರ್ಮವನ್ನು ತೂರಿ ಒಳಗೆ ಹರಡುವುದು. ಗಾಯವು ಇರುವೆ ಕಚ್ಚಿದಷ್ಟೇ ಕಂಡರೂ ಬೆರಳನ್ನು ಕತ್ತರಿಸಬೇಕಾದ ಸ್ಥಿತಿ ಬರಬಹುದು. ಒಡನೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಳೆಯ ಎಂಜಿನಿನಲ್ಲಿ ಕೆಟ್ಟ ಸಿಲಿಂಡರನ್ನು ಹುಡುಕಲು ಮೇಸ್ತ್ರಿಗಳು ಕೊಳವೆಯ ನಟ್ಟನ್ನು ಒಂದೊಂದಾಗಿ ಸಡಿಲಿಸುವ ರೂಢಿಯುಂಟು. ಕಾಮನ್ ರೇಲ್ ಎಂಜಿನಿನಲ್ಲಿ, ಅದು ನಡೆಯುತ್ತಿರುವಾಗ, ಈ ಕೆಲಸವನ್ನು ಎಂದಿಗೂ ಮಾಡಬಾರದು.

ಗ್ರಾಮದ ಮುಖಂಡರು ಮಾಡಬಹುದಾದುದು

ಒಬ್ಬೊಬ್ಬರೇ ಪಟ್ಟಣಕ್ಕೆ ಅಲೆಯುವುದಕ್ಕಿಂತ, ಹಿಂಗಾರಿಗೆ ಒಂದು ತಿಂಗಳು ಮುಂಚೆ ಊರಿನ ಟ್ರ್ಯಾಕ್ಟರು ಒಡೆಯರೆಲ್ಲ ಕೂಡಿ, ಪರೀಕ್ಷಾ ಯಂತ್ರವಿರುವ ಮೇಸ್ತ್ರಿಯನ್ನು ಗೊತ್ತಾದ ದಿನ ಊರಿಗೇ ಕರೆಸಿ, ಎಲ್ಲರ ನಾಜಲ್‌ಗಳನ್ನೂ ಒಂದೇ ಕಡೆ ನೋಡಿಸುವುದು ಉತ್ತಮ. ಗೌಡರೂ ಪಂಚಾಯತಿಯ ಪ್ರಮುಖರೂ ಮುಂದೆ ನಿಂತರೆ ಇದು ಕಷ್ಟವಲ್ಲ. ಟ್ರ್ಯಾಕ್ಟರಿಲ್ಲದ ಚಿಕ್ಕ ಹಿಡುವಳಿದಾರನು ಬಾಡಿಗೆಯ ಯಂತ್ರವನ್ನೇ ನಂಬಿರುವುದರಿಂದ, ಆ ಯಂತ್ರವು ಹದದ ದಿನ ನಿಲ್ಲದಿರುವುದು ಅವನಿಗೂ ಅನ್ನದ ಪ್ರಶ್ನೆಯಾಗಿದೆ. ಶುದ್ಧವಾದ ಎಣ್ಣೆ, ಕಾಲಕ್ಕೆ ಸರಿಯಾಗಿ ಬದಲಿಸಿದ ಫಿಲ್ಟರು, ಬಿತ್ತನೆಗೆ ಮುಂಚಿನ ಪರೀಕ್ಷೆ, ಈ ಮೂರನ್ನು ನಡೆಸಿಕೊಂಡು ಬಂದ ಊರಿನಲ್ಲಿ ಹದ ತಪ್ಪುವ ಭಯವು ಬಹುಮಟ್ಟಿಗೆ ಕಡಿಮೆಯಾಗುವುದು.